ಇಂಡಿಯಾ ಕಾಣದ ‘ಇಂಡಿಯನ್ ರನ್ನರ್’

ದೆಹಲಿಯಿಂದ ಗ್ರ್ಯಾಂಡ್ ಟ್ರಂಕ್ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಪಾಣಿಪತ್ತಿನ ಆಚೆ ಕರ್ನಾಲ್ ಸಿಗುತ್ತದೆ. 2015ರಿಂದ ಈ ಜಿಲ್ಲೆಯೂ ರಾಷ್ಟ್ರ ರಾಜಧಾನಿ ಪ್ರದೇಶದ ಲೆಕ್ಕಕ್ಕೆ ಸೇರಿದೆ. ಊರಿನ ಹೆಸರು ಕೇಳಿದೊಡನೆ ನೆನಪಾಗುವುದು ಬಾಸುಮತಿ ಅಕ್ಕಿ ಮತ್ತು ಹೈನುಗಾರಿಕೆಯ ಸಂಶೋಧನಾಲಯ. ಆದರೆ ಅಲ್ಲಿಯೇ ನಮ್ಮ ದೇಶದ ಸಾಕುಪ್ರಾಣಿಗಳ ವಂಶಾವಳಿಯ ಕಚೇರಿಯೊಂದಿದೆ: ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಇದು ಹುಟ್ಟಿದ್ದು 1984ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ. ಮರುವರ್ಷವೇ ಕರ್ನಾಲಿಗೆ ವರ್ಗವಾಯಿತು, ಅಲ್ಲಿಯೇ ನೆಲೆಯೂರಿತು. ನೌಕರಿಯ ನಿಮಿತ್ತ ಉತ್ತರಕ್ಕೆ ಬಂದು ಹಿಂದಿರುಗದೆ ಉಳಿದುಹೋದ ನಮ್ಮವರ ಪಟ್ಟಿಯಲ್ಲಿ ಈ ಕಚೇರಿಯನ್ನೂ ಸೇರಿಸಬಹುದು.

ಬ್ಯೂರೋ ಮಾಡುವ ಮುಖ್ಯ ಕೆಲಸಗಳಲ್ಲಿ ಒಂದು, ದೇಶೀ ತಳಿಗಳನ್ನು ಗುರುತಿಸಿ ದಾಖಲಿಸುವುದು. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಎಲ್ಲಕ್ಕೂ ಅಲ್ಲಿ ಒಂದೊಂದು ನೋಂದಣಿ ಸಂಖ್ಯೆ ಇದೆ. ಮುಧೋಳದ ಬೇಟೆನಾಯಿಗೂ ಇದೆ. ಬಾತುಕೋಳಿಗಳ ಸಾಲು ಅಸ್ಸಾಮಿನ ‘ಪಾತಿ’ಯಿಂದ ಆರಂಭವಾಗಿ ಬಿಹಾರದ ‘ಮೈಥಿಲಿ’, ಅಂಡಮಾನಿನ ‘ಅಂಡಮಾನಿ’ ಎಂದು ಮುಂದುವರಿಯುತ್ತದೆ. ಆದರೆ ಜಗತ್ತಿನ ಎಲ್ಲ ಬಾತುಕೋಳಿಗಳಲ್ಲಿ ‘ಇಂಡಿಯನ್’ ಎಂಬ ಪದವನ್ನು ಎದೆಯ ಮೇಲೆ ಬಿಲ್ಲೆಯಂತೆ ಧರಿಸಿ ನಡೆಯುವ ತಳಿಗೆ ಆ ದಾಖಲೆಯಲ್ಲಿ ಸ್ಥಳವಿಲ್ಲ, ಇರಲಾರದು. ಇಂಡಿಯನ್ ರನ್ನರ್ ಎಂಬ ಆ ಬಾತು ಇಂಡಿಯಾದ್ದಲ್ಲ.

ಮೊದಲು ಅದರ ರೂಪ. ನಾವು ಕಂಡ ಬಾತುಗಳೆಲ್ಲ ದೋಣಿಯ ಹಾಗೆ ಅಡ್ಡಲಾಗಿರುತ್ತವೆ. ಈ ಹಕ್ಕಿ ಮಾತ್ರ ನಿಲ್ಲಿಸಿಟ್ಟ ಬಾಟಲಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀಳವಾದ ಕತ್ತು, ಕಿರಿದಾದ ತಲೆ, ಇಳಿಜಾರಾದ ಭುಜಗಳು, ದೇಹದ ತೀರ ಹಿಂಭಾಗಕ್ಕೆ ಸರಿದ ಕಾಲುಗಳು. ಕಾಲುಗಳು ಅಲ್ಲಿರುವುದರಿಂದಲೇ ಮೈ ಮೇಲೆದ್ದು ನಿಲ್ಲಬೇಕಾಗಿದೆ. ಉಳಿದ ಬಾತುಗಳಂತೆ ಅತ್ತಿತ್ತ ಹೊಯ್ದಾಡುತ್ತ ನಡೆಯುವುದಿಲ್ಲ, ಓಡುತ್ತದೆ. ‘ರನ್ನರ್’ ಎಂಬ ಹೆಸರು ಬಂದದ್ದು ಅದರಿಂದ. ಹತ್ತಿಪ್ಪತ್ತು ಹಕ್ಕಿಗಳು ಒಟ್ಟಾಗಿ ಓಡುವಾಗ ಕಚೇರಿಗೆ ತಡವಾದ ಗುಮಾಸ್ತರ ಗುಂಪೊಂದು ಮೆಟ್ರೋ ಹಿಡಿಯಲು ಧಾವಿಸಿದಂತೆ ತೋರುತ್ತದೆ. ಗಂಡಿನ ತೂಕ ಸುಮಾರು ಒಂದೂವರೆಯಿಂದ ಎರಡೂಕಾಲು ಕಿಲೋ. ಹಾರಾಟ ಹೆಚ್ಚುಕಡಿಮೆ ಇಲ್ಲ. ತತ್ತಿ ಧಾರಾಳ, ಆದರೆ ಕಾವಿಗೆ ಕೂರುವ ತಾಳ್ಮೆ ಅಪರೂಪ.

ಇದರ ತವರು ಇಂದಿನ ಇಂಡೋನೇಷ್ಯಾದ ಜಾವಾ, ಬಾಲಿ, ಲೊಂಬೊಕ್ ದ್ವೀಪಗಳು. ಅಲ್ಲಿ ಬತ್ತದ ಗದ್ದೆಗೂ ಬಾತಿಗೂ ಹಳೆಯ ನಂಟು. ಬೆಳಗ್ಗೆ ಹಿಂಡನ್ನು ಗದ್ದೆಗೆ ನಡೆಸಿಕೊಂಡು ಹೋಗಿ, ತುದಿಗೆ ಬಿಳಿ ಬಟ್ಟೆಯನ್ನೋ ಗರಿಯ ಕುಚ್ಚನ್ನೋ ಕಟ್ಟಿದ ಕೋಲನ್ನು ನೆಟ್ಟು ಕಾಯುವವನು ತನ್ನ ಕೆಲಸಕ್ಕೆ ಹೋದರೂ ನಡೆಯುತ್ತದೆ. ಹಕ್ಕಿಗಳು ಆ ಗುರುತಿನ ಆಸುಪಾಸಿನಲ್ಲೇ ಹುಳು, ಬಸವನಹುಳು, ಉದುರಿದ ಕಾಳು ಹೆಕ್ಕುತ್ತ ಇರುತ್ತವೆ. ಸಂಜೆ ಮತ್ತೆ ಮನೆಗೆ. ದಿನವೂ ದೂರ ನಡೆಯಬಲ್ಲ, ಸಾಲು ತಪ್ಪದ, ಹಾರಿಹೋಗದ ಹಕ್ಕಿಗಳೇ ರೈತನಿಗೆ ಬೇಕಾದವು. ತಲೆಮಾರುಗಳ ಕಾಲ ಅಂಥವನ್ನೇ ಉಳಿಸಿಕೊಂಡು ಬಂದುದರ ಫಲ ಈ ನೇರ ನಿಲುವು ಎಂದು ಭಾವಿಸುವುದು ಸಮಂಜಸ.

ಆಲ್‌ಫ್ರೆಡ್ ರಸೆಲ್ ವಾಲೇಸ್ 1856ರಲ್ಲಿ ಬಾಲಿ ಮತ್ತು ಲೊಂಬೊಕ್‌ಗಳಿಗೆ ಹೋದಾಗ ಈ ಬಾತುಗಳನ್ನು ಕಂಡ. 1869ರಲ್ಲಿ ಪ್ರಕಟವಾದ ಮಲಯ ದ್ವೀಪಸಮೂಹದ ಕುರಿತ ಅವನ ಪುಸ್ತಕದಲ್ಲಿ ಇವುಗಳ ಪ್ರಸ್ತಾಪವಿದೆ. ಪೆಂಗ್ವಿನ್‌ನಂತೆ ನೆಟ್ಟಗೆ ನಡೆಯುವ ಇವು ಬಹಳ ಅಗ್ಗವಾಗಿದ್ದವಂತೆ. ಅಕ್ಕಿ ತುಂಬಲು ಬರುವ ಹಡಗುಗಳ ನಾವಿಕರು ಇವನ್ನು ಯಥೇಚ್ಛವಾಗಿ ತಿನ್ನುತ್ತಿದ್ದರು. ಅವರು ಕೊಟ್ಟ ಅಡ್ಡಹೆಸರು ‘ಬಾಲಿ ಸಿಪಾಯಿಗಳು’. ವಾಲೇಸನಿಗೆ ಇದು ಕೇವಲ ಪ್ರವಾಸಿಯ ಕುತೂಹಲವಾಗಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಲೊಂಬೊಕ್‌ನಿಂದ ಲಂಡನ್ನಿನ ತನ್ನ ಏಜೆಂಟನಿಗೆ ಬರೆದ ಪತ್ರದಲ್ಲಿ, ಕಳುಹಿಸುತ್ತಿರುವ ಸಂಗ್ರಹದಲ್ಲಿನ ಸಾಕು ಬಾತಿನ ಬಗೆ ಡಾರ್ವಿನ್ನನಿಗಾಗಿ ಎಂದು ಸೂಚಿಸಿದ್ದಾನೆ. ವಿಕಾಸವಾದದ ಕುರಿತ ಇಬ್ಬರ ಬರಹಗಳೂ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲ್ಪಟ್ಟದ್ದು 1858ರ ಜುಲೈ 1ರಂದು. ಅದಕ್ಕೂ ಎರಡು ವರ್ಷ ಮೊದಲು ಆ ಇಬ್ಬರ ನಡುವೆ ಸಾಕು ಬಾತೊಂದು ಓಡಾಡಿತ್ತು ಎಂಬುದನ್ನು ವಿಜ್ಞಾನದ ಚರಿತ್ರೆಕಾರರು ಅಡಿಟಿಪ್ಪಣಿಗೆ ತಳ್ಳಿದ್ದಾರೆ. ನನ್ನನ್ನು ಕೇಳಿದರೆ ಅದು ಮುಖ್ಯಪಠ್ಯಕ್ಕೇ ಯೋಗ್ಯವಾದ ಸಂಗತಿ.

ಡಾರ್ವಿನ್ 1868ರಲ್ಲಿ ಸಾಕುಪ್ರಾಣಿಗಳ ಹಾಗೂ ಬೆಳೆಗಳ ವೈವಿಧ್ಯದ ಮೇಲೆ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಬಾತುಗಳಿಗೂ ಪಾಲು ಸಿಕ್ಕಿತು. ‘ಪೆಂಗ್ವಿನ್ ಬಾತು’ ಎಂದು ಆಗ ಕರೆಯುತ್ತಿದ್ದ ಈ ತಳಿಯ ಎಲುಬುಗಳನ್ನೂ ಅವನು ಪರಿಶೀಲಿಸಿದ್ದ. ಇಷ್ಟು ವಿಲಕ್ಷಣವಾದ ಹಕ್ಕಿ ಬೇರೊಂದು ಕಾಡುಬಾತಿನಿಂದ ಬಂದಿರಬಹುದೇ ಎಂಬ ಪ್ರಶ್ನೆಗೆ ಅವನ ಉತ್ತರ, ಇಲ್ಲ. ಅವನು ಹಿಡಿದ ಗುರುತು ಬಲು ಸಣ್ಣದು. ಮ್ಯಾಲಾರ್ಡ್ ಎಂಬ ಹಸಿರು ತಲೆಯ ಕಾಡುಬಾತಿನ ಗಂಡಿಗೆ ಬಾಲದ ನಡುವಿನ ಗರಿಗಳು ಮೇಲಕ್ಕೆ ಸುರುಳಿಯಾಗಿರುತ್ತವೆ. ಆ ಸುರುಳಿ ಸಾಕುತಳಿಗಳ ಗಂಡುಗಳಲ್ಲೂ ಉಳಿದುಬಂದಿದೆ. ರನ್ನರ್ ಬಾತಿನ ಮೈಯೆಲ್ಲ ಬದಲಾದರೂ ಬಾಲದ ಸುರುಳಿ ಬದಲಾಗಲಿಲ್ಲ. ಮನೆತನದ ಮುದ್ರೆ ಒಮ್ಮೊಮ್ಮೆ ಮುಖದಲ್ಲಿರದೆ ಹೀಗೆ ಬಾಲದಲ್ಲಿರುತ್ತದೆ.

ಹಾಗಾದರೆ ‘ಇಂಡಿಯನ್’ ಎಂಬುದು ಎಲ್ಲಿಂದ ಬಂತು? 19ನೆಯ ಶತಮಾನದ ಮೊದಲರ್ಧದಲ್ಲಿ ಪೂರ್ವದ ಸಮುದ್ರಗಳಿಂದ ಮರಳಿದ ಹಡಗಿನ ಕಪ್ತಾನನೊಬ್ಬ ಈ ಹಕ್ಕಿಗಳನ್ನು ವಾಯವ್ಯ ಇಂಗ್ಲೆಂಡಿನ ಕಂಬರ್‌ಲೆಂಡ್ ತೀರಕ್ಕೆ ತಂದನೆಂದು ಅಲ್ಲಿನ ಪ್ರತೀತಿ. ಕಪ್ತಾನನ ಕಥೆ ಎಷ್ಟು ನಿಜವೋ, ಕಂಬರ್‌ಲೆಂಡಿನ ರೈತರು ಇವನ್ನು ಸಾಕಿ ಹಬ್ಬಿಸಿದ್ದಂತೂ ನಿಜ. ಅವರಿಗೆ ಜಾವಾ, ಲೊಂಬೊಕ್, ಮದರಾಸು ಎಲ್ಲವೂ ಒಂದೇ ದಿಕ್ಕು. ಪೂರ್ವಕ್ಕೆ ಹೋಗುವ ಹಡಗು ‘ಇಂಡಿಯಾಮನ್’, ಆ ಹಡಗಿನಲ್ಲಿ ಬಂದದ್ದು ‘ಇಂಡಿಯನ್’. ಚೀನಾದ ಮಸಿ ಇಂಗ್ಲಿಷಿನಲ್ಲಿ ‘ಇಂಡಿಯನ್ ಇಂಕ್’ ಆದದ್ದೂ ಹೀಗೆಯೇ.

ಈ ಅಪಚಾರ ಏಕಮುಖವಾದುದಲ್ಲ. ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ 1612ರಲ್ಲಿ ಗೋವೆಯಿಂದ ಮುಕರ್ರಬ್ ಖಾನ್ ತಂದ ವಿಚಿತ್ರ ಹಕ್ಕಿಗಳಲ್ಲಿ ಒಂದು ಅಮೆರಿಕ ಮೂಲದ ಟರ್ಕಿ ಕೋಳಿ. ತಲೆ, ಕತ್ತುಗಳ ಬಣ್ಣ ಊಸರವಳ್ಳಿಯಂತೆ ಬದಲಾಗುವುದನ್ನು ಬಾದಶಹ ತನ್ನ ದಿನಚರಿಯಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಇಂಗ್ಲಿಷರು ತುರ್ಕಿಯ ಹೆಸರಿಟ್ಟ ಈ ಹಕ್ಕಿಯನ್ನು ತುರ್ಕರು ಕರೆಯುವುದು ‘ಹಿಂದಿ’ ಎಂದು. ಫ್ರೆಂಚರ ‘ದಂಡ್’ ಎಂಬುದರ ಒಳಗೂ ಇಂಡಿಯಾ ಅಡಗಿದೆ. ಡಚ್ಚರ ‘ಕಾಲ್ಕೂನ್’ ಎಂಬ ಪದದ ಬೇರು ನಮ್ಮ ಪಕ್ಕದ ಕಲ್ಲಿಕೋಟೆ. ಯಾರಿಗೂ ಅದು ತಮ್ಮದಲ್ಲ, ದೂರದ್ದು ಎಂಬುದಷ್ಟೇ ಖಚಿತವಾಗಿತ್ತು. ಕನ್ನಡಿಗರು ಇದನ್ನು ಕಂಡು ನಗುವ ಹಾಗಿಲ್ಲ. ನಾವು ಮೆಕ್ಸಿಕೋದ ತರಕಾರಿಗೆ ಸೀಮೆಬದನೆ ಎಂದೆವು, ಚಿಮಣಿಗೆ ಹಾಕುವ ಎಣ್ಣೆಗೆ ಸೀಮೆಎಣ್ಣೆ ಎಂದೆವು, ಮಿಶ್ರತಳಿಯ ಆಕಳಿಗೆ ಸೀಮೆಹಸು ಎಂದೆವು. ಯಾವ ಸೀಮೆ ಎಂದು ಕೇಳಿದವರಿಲ್ಲ. ಇಂಗ್ಲಿಷರ ‘ಇಂಡಿಯನ್’ ಎಂಬುದು ನಮ್ಮ ‘ಸೀಮೆ’ಗೆ ಸಮಾನಪದ.

ಕಥೆ ಇಲ್ಲಿಗೇ ನಿಂತಿದ್ದರೆ ಪದಕೌತುಕವಾಗಿ ಮುಗಿಯುತ್ತಿತ್ತು. ಆದರೆ ರನ್ನರ್ ಬಾತಿಗೆ ಒಂದು ಸಂತತಿಯುಂಟು, ಆ ಸಂತತಿಯ ಹೆಸರಿನಲ್ಲಿ ನಮ್ಮ ದೆಹಲಿಯ ಧೂಳಿದೆ.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಯೂಲಿ ಎಂಬ ಹಳ್ಳಿಯಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿಯಿದ್ದಳು. ಮಾಂಸಕ್ಕೂ ಆಗಬೇಕು, ತತ್ತಿಯನ್ನೂ ಚೆನ್ನಾಗಿ ಇಡಬೇಕು, ಅಂಥ ಬಾತು ಆಕೆಗೆ ಬೇಕಾಗಿತ್ತು. ಅವಳ ಬಳಿ ಒಂದು ಹೆಣ್ಣು ಇಂಡಿಯನ್ ರನ್ನರ್ ಇತ್ತು. ಪ್ರದರ್ಶನದಲ್ಲಿ ನಿಲ್ಲಿಸುವಷ್ಟು ಅಂದವಿಲ್ಲ, ವಂಶಾವಳಿಯ ದಾಖಲೆಯಿಲ್ಲ. ಆದರೆ ಅದು 196 ದಿನಗಳಲ್ಲಿ 182 ತತ್ತಿ ಇಟ್ಟಿತ್ತು. ಅದನ್ನು ದಪ್ಪ ಮೈಯ ರೂಅನ್ ತಳಿಯ ಗಂಡಿನೊಡನೆ ಕೂಡಿಸಿ, ಮುಂದೆ ಕಾಡು ಮ್ಯಾಲಾರ್ಡಿನ ರಕ್ತವನ್ನೂ ಬೆರೆಸಿ ಹುಟ್ಟಿಸಿದ ಕ್ಯಾಂಪ್‌ಬೆಲ್ ಬಾತು 1898ರಲ್ಲಿ ಹೊರಬಂತು. ಕೆಲವು ವರ್ಷಗಳಲ್ಲೇ ಅದರ ಮಣ್ಣುಬಣ್ಣದ ಬಗೆಯೊಂದನ್ನು ಆಕೆ ರೂಢಿಸಿದಳು. ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯುತ್ತಿದ್ದ ಕಾಲ. ಬ್ರಿಟಿಷ್ ಸೈನಿಕರ ಸಮವಸ್ತ್ರದ ಬಣ್ಣ ಎಲ್ಲರ ಕಣ್ಣಲ್ಲಿತ್ತು. ಬಾತಿಗೆ ‘ಖಾಕಿ ಕ್ಯಾಂಪ್‌ಬೆಲ್’ ಎಂದು ನಾಮಕರಣವಾಯಿತು.

ಖಾಕ್ ಎಂದರೆ ಪಾರಸಿಯಲ್ಲಿ ಮಣ್ಣು, ಧೂಳು. 1840ರ ದಶಕದ ಕೊನೆಗೆ ಪೇಶಾವರದ ಗಡಿಯಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಈ ಬಣ್ಣದ ಉಡುಪನ್ನು ಮೊದಲು ತೊಟ್ಟಿತು. ಆದರೆ ಗೋರಾ ಪಲ್ಟನ್ನುಗಳಿಗೆ ಇದು ವ್ಯಾಪಕವಾಗಿ ಅಂಟಿದ್ದು 1857ರ ಬೇಸಗೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ದೆಹಲಿಯ ಕೋಟೆಗೋಡೆಯ ಹೊರಗೆ, ಇಂದು ವಿಶ್ವವಿದ್ಯಾಲಯದ ಬೆನ್ನಿಗಿರುವ ರಿಡ್ಜ್ ಮೇಲೆ ಬೀಡುಬಿಟ್ಟ ಸೈನಿಕರ ಬಿಳಿಯ ಉಡುಪು ದೂರದಿಂದಲೇ ಗುರಿಯಾಗುತ್ತಿತ್ತು. ಕೈಗೆ ಸಿಕ್ಕಿದ ಬಣ್ಣದಲ್ಲಿ, ಕೆಸರಿನಲ್ಲಿ, ಚಹಾದ ಕಷಾಯದಲ್ಲಿ ಬಟ್ಟೆ ಅದ್ದಿದರು. ಒಂದೊಂದು ಪಲ್ಟನ್ನಿನದು ಒಂದೊಂದು ಛಾಯೆ, ಬೂದಿಯಿಂದ ಕಂದಿನವರೆಗೆ. ದೆಹಲಿಯ ಪತನ, ಬಹಾದುರ್ ಶಾ ಜಫರನ ಗಡೀಪಾರು, ಊರಿನ ಸಂಹಾರ ಎಲ್ಲವೂ ಆ ಬಣ್ಣದ ಬಟ್ಟೆಯೊಳಗಿಂದ ನಡೆದವು. ನಲವತ್ತು ಚಿಲ್ಲರೆ ವರ್ಷಗಳ ತರುವಾಯ ಅದೇ ಪದ ಇಂಗ್ಲೆಂಡಿನ ಹಳ್ಳಿಯ ಹಿತ್ತಲಿನಲ್ಲಿ, ಹುಲ್ಲು ಹೆಕ್ಕುವ ಹಕ್ಕಿಯೊಂದರ ಬೆನ್ನಿನ ಮೇಲೆ ಬಂದು ಕುಳಿತದ್ದು ನೋಡಿದರೆ, ಪದಗಳಿಗೆ ನೆನಪಿನ ಭಾರ ಇರುವುದಿಲ್ಲವೇನೋ ಎನಿಸುತ್ತದೆ.

ಹೀಗೆ, ಇಂಡಿಯಾದ್ದಲ್ಲದ ‘ಇಂಡಿಯನ್’ ತಾಯಿಗೆ ಹುಟ್ಟಿ, ಇಂಡಿಯಾದ ಬಣ್ಣದ ಹೆಸರು ಹೊತ್ತ ಖಾಕಿ ಕ್ಯಾಂಪ್‌ಬೆಲ್ 20ನೆಯ ಶತಮಾನದಲ್ಲಿ ಇಂಡಿಯಾಕ್ಕೇ ಬಂತು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತುಕೋಳಿ ಸಂವರ್ಧನಾ ಕೇಂದ್ರ ಇದನ್ನೂ ಬಿಳಿಯ ಪೆಕಿನ್ ತಳಿಯನ್ನೂ ಸಾಕಿ, ಮರಿ ಮತ್ತು ತತ್ತಿಗಳನ್ನು ರಾಜ್ಯ ರಾಜ್ಯಗಳಿಗೆ ಹಂಚಿತು. ಪಶುಪಾಲನೆಯ ಕೈಪಿಡಿಗಳಲ್ಲಿ ಇಂದಿಗೂ ಮೊಟ್ಟೆಯ ತಳಿಗಳ ಕ್ರಮ ಹೀಗೆ: ಮೊದಲು ಖಾಕಿ ಕ್ಯಾಂಪ್‌ಬೆಲ್, ಎರಡನೆಯದು ಇಂಡಿಯನ್ ರನ್ನರ್. ಕೊನೆಯಲ್ಲಿ, ಕಿರಿದಾದ ಅಕ್ಷರಗಳಲ್ಲಿ, ‘ನಾಟಿ’.

ಈ ಕೊನೆಯ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮ ದೇಶದ ಬಾತುಗಳಲ್ಲಿ ಬಹುಪಾಲು ಪೂರ್ವ ಹಾಗೂ ಈಶಾನ್ಯದ ರಾಜ್ಯಗಳಲ್ಲಿವೆ, ಬಂಗಾಳ ಮತ್ತು ಅಸ್ಸಾಂ ಮುಂಚೂಣಿಯಲ್ಲಿ. ಅಲ್ಲಿ ಬಾತಿಗೆ ‘ಹಾಂಸ್’ ಎಂದು ಹೆಸರು; ಸಂಸ್ಕೃತದ ಹಂಸವೇ ಅಲ್ಲಿ ಕೆರೆಯಿಂದ ಮೇಲೆದ್ದು ಹಿತ್ತಲಿಗೆ ಬಂದಿದೆ. ನಮ್ಮಲ್ಲಿ ಹಾಗಾಗಲಿಲ್ಲ. ಹಳಗನ್ನಡದಲ್ಲಿ ಹಂಸ ತದ್ಭವಗೊಂಡು ‘ಅಂಚೆ’ಯಾಯಿತು, ಕಾವ್ಯದಲ್ಲಿ ಈಜಿತು, ಹಳೇಬೀಡು ಸೋಮನಾಥಪುರಗಳ ಗುಡಿಯ ಗೋಡೆಯ ಪಟ್ಟಿಕೆಗಳಲ್ಲಿ ಸಾಲುಗಟ್ಟಿ ನಿಂತಿತು, ಹಾಲುನೀರು ಬೇರ್ಪಡಿಸುವ ವಿವೇಕಿಯಾಯಿತು. ಕೊಟ್ಟಿಗೆಯ ಪಕ್ಕದ ಹಕ್ಕಿಗೆ ಆ ಹೆಸರು ಇಳಿದುಬರಲಿಲ್ಲ. ಅದಕ್ಕೆ ನಾವು ಹೇಳುವ ‘ಬಾತು’ ಹಿಂದಿಯ ಬತಖ್, ಪಾರಸಿಯ ಬತ್, ಅರಬಿಯ ಬತ್ತ್‌ಗಳ ಬಳಗದ ಪದದಂತೆ ಕೇಳಿಸುತ್ತದೆ. ಪೋರ್ಚುಗೀಸರ ‘ಪಾತು’ ಕೂಡ ದೂರವೇನಲ್ಲ. ಅದರ ಮೇಲೆ ‘ಕೋಳಿ’ ಎಂಬ ಬಾಲಂಗೋಚಿ ಬೇರೆ. ಹೆಸರಿನಲ್ಲಿಯೇ ಎರವಲು, ಜಾತಿಯಲ್ಲಿ ಕೋಳಿಯ ಆಶ್ರಿತ. ಸಾಕುಬಾತು ನಮ್ಮ ಸಾಹಿತ್ಯಕ್ಕೆ ಹೊರಗಿನದಾಗಿ ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ಅಸ್ಸಾಮಿನ ‘ಪಾತಿ’ ಎಂಬ ಪದದ ಅರ್ಥವೂ ಗಮನಾರ್ಹ. ಪಾತಿ ಎಂದರೆ ಸಾಮಾನ್ಯ, ಸಾದಾ. ಕರ್ನಾಲಿನ ದಫ್ತರದಲ್ಲಿ ಬಾತುಗಳ ಪೈಕಿ ಮೊದಲ ಕ್ರಮಾಂಕ ಪಡೆದ ತಳಿಯ ಹೆಸರು ‘ಸಾಮಾನ್ಯ ಬಾತು’! ಹೆಸರಿಲ್ಲದ್ದೇ ಹೆಸರಾಗಿ ದಾಖಲಾದ ಪ್ರಸಂಗ. ಇದರ ಹಿಂದಿನ ಶ್ರಮ ಸಣ್ಣದಲ್ಲ. ಒಂದು ತಳಿಗೆ ನೋಂದಣಿ ಬೇಕಾದರೆ ಅದರ ನೆಲೆ ಯಾವುದು, ಸಂಖ್ಯೆ ಎಷ್ಟು, ಬಣ್ಣ, ಕೊಕ್ಕು, ಕಾಲು, ತೂಕ, ತತ್ತಿಯ ಪ್ರಮಾಣ ಏನು, ಸಾಕುವವರು ಯಾರು, ಹೇಗೆ ಸಾಕುತ್ತಾರೆ ಎಂಬುದನ್ನೆಲ್ಲ ಊರೂರು ಅಲೆದು ಅಳೆದು ಬರೆಯಬೇಕು. ಆಮೇಲೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ತಳಿ ನೋಂದಣಿ ಸಮಿತಿಯ ಮುಂದೆ ಅರ್ಜಿ. ಅರ್ಜಿ ಹಾಕಲು ಒಬ್ಬರು ಬೇಕು. ಹಾಗೆ ಹಾಕುವವರಿಲ್ಲದ ಹಿಂಡುಗಳೆಲ್ಲ ಅಧಿಕೃತ ಭಾಷೆಯಲ್ಲಿ ‘ವರ್ಣನೆಯಿಲ್ಲದವು’.

ವರ್ಣನೆಯಿಲ್ಲದ್ದರ ಪಾಡೇನು ಎಂಬುದನ್ನು ದೆಹಲಿ ಕಂಡಿದೆ. 2016ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ಬಂದು ಮೃಗಾಲಯದ ಬಾಗಿಲು ಮುಚ್ಚಿತು. ಹೌಜ್ ಖಾಸ್‌ನ ಜಿಂಕೆವನದ ಬಾತುಗಳೂ ಸತ್ತವು. 2021ರ ಜನವರಿಯಲ್ಲಿ ತ್ರಿಲೋಕಪುರಿಯ ಸಂಜಯ್ ಸರೋವರದ ಬಾತುಗಳಲ್ಲಿ ಅದೇ ರೋಗ ದೃಢವಾದಾಗ ಉಳಿದವನ್ನೂ ಕೊಲ್ಲಬೇಕಾಯಿತು. ರೋಗ ತಡೆಗೆ ಅದು ಅನಿವಾರ್ಯವಾದ ಕ್ರಮ, ಅದರ ಬಗ್ಗೆ ತಕರಾರಿಲ್ಲ. ಪತ್ರಿಕೆಗಳಲ್ಲಿ ಬಂದದ್ದು ಎಣಿಕೆ. ವಲಸೆ ಬಂದ ಕಾಡುಹಕ್ಕಿಯಾದರೆ ಅದರ ಜಾತಿ, ಹಾದಿ, ಹುಟ್ಟೂರು ಎಲ್ಲವನ್ನೂ ಹೇಳಬಲ್ಲ ಪಕ್ಷಿವೀಕ್ಷಕರು ಈ ನಗರದಲ್ಲಿ ಬೇಕಾದಷ್ಟು ಜನರಿದ್ದಾರೆ. ಉದ್ಯಾನದ ಸಾಕುಬಾತಿಗೆ ಅಂಥ ಚರಿತ್ರೆಕಾರರಿಲ್ಲ. ಎಲ್ಲಿಂದ ತಂದದ್ದು, ಯಾವ ಬೆರಕೆ, ಯಾವ ಊರಿನ ಕೆರೆಯದು ಎಂದು ಕೇಳುವ ರೂಢಿಯೇ ಇಲ್ಲ. ಸತ್ತ ಮೇಲೆ ಎಣಿಕೆ ಉಳಿಯಿತು.

ಅತ್ತ ರನ್ನರ್ ಬಾತಿನ ಅದೃಷ್ಟ ನೋಡಿ. ಇಂಗ್ಲೆಂಡಿನ ಪ್ರದರ್ಶನಗಳಲ್ಲಿ ಅದಕ್ಕೆ 20ನೆಯ ಶತಮಾನದ ಆರಂಭದಲ್ಲೇ ಅಳತೆಪಟ್ಟಿ ಸಿದ್ಧವಾಯಿತು. ನಿಲುವು ಇಷ್ಟೇ ನೇರವಿರಬೇಕು, ಬಣ್ಣ ಇಂಥದೇ ಇರಬೇಕು ಎಂದು ಕಟ್ಟುನಿಟ್ಟಾಯಿತು. ಕಂಬರ್‌ಲೆಂಡಿನ ಹಿಂಡುಗಳಲ್ಲಿ ಸ್ಥಳೀಯ ಬಾತುಗಳ ಬೆರಕೆಯಾಗಿ ನಿಲುವು ಬಾಗಿದೆ ಎಂದು ಕಂಡಾಗ ಮತ್ತೆ ಲೊಂಬೊಕ್, ಜಾವಾಗಳಿಂದ ಹೊಸ ಹಕ್ಕಿಗಳನ್ನು ತರಿಸಿದರು. ಇಂದು ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್ ಬಳಿಯ ದ್ರಾಕ್ಷಿತೋಟವೊಂದರಲ್ಲಿ ಸಾವಿರಕ್ಕೂ ಮಿಕ್ಕಿದ ರನ್ನರ್ ಬಾತುಗಳು ಬೆಳಗ್ಗೆ ಕೆಲಸಕ್ಕೆ ಹೊರಟು ಬಸವನಹುಳುಗಳನ್ನು ತಿಂದು ಸಂಜೆ ಮರಳುತ್ತವೆ. ಅವುಗಳ ಮೆರವಣಿಗೆ ನೋಡಲು ಪ್ರವಾಸಿಗರು ಟಿಕೆಟ್ ಕೊಳ್ಳುತ್ತಾರೆ.

ಇದೇ ಮೆರವಣಿಗೆ ಕರ್ನಾಟಕದಲ್ಲಿಯೂ ಇದೆ, ಟಿಕೆಟ್ಟಿಲ್ಲ. ತುಂಗಭದ್ರೆಯ ಕಾಲುವೆಯ ನೀರುಣ್ಣುವ ಗಂಗಾವತಿಯ ಕಡೆ, ಕಾವೇರಿಯ ನಾಲೆಗಳ ಮಂಡ್ಯದ ಕಡೆ ಬತ್ತದ ಕೊಯ್ಲು ಮುಗಿದ ಮೇಲೆ ಬಾತುಗಳ ದೊಡ್ಡ ದೊಡ್ಡ ಹಿಂಡುಗಳು ಗದ್ದೆಗಿಳಿಯುತ್ತವೆ. ಹಿಂದೆ ಉದ್ದನೆಯ ಕೋಲು ಹಿಡಿದ ಇಬ್ಬರು ಮೂವರು, ಹಲವೊಮ್ಮೆ ತಮಿಳುನಾಡಿನವರು, ಆಂಧ್ರದವರು. ಗದ್ದೆಯಂಚಿನಲ್ಲಿ ಬಲೆ ಸುತ್ತಿ ರಾತ್ರಿಯ ದೊಡ್ಡಿ, ಪಕ್ಕದಲ್ಲೊಂದು ಪ್ಲಾಸ್ಟಿಕ್ ಹೊದಿಕೆಯ ಗುಡಾರ. ಉದುರಿದ ಕಾಳು, ಹುಳುಹುಪ್ಪಟೆ ಹಿಂಡಿನ ಆಹಾರ; ಹಿಕ್ಕೆ ಗದ್ದೆಗೆ ಗೊಬ್ಬರ; ಬೆಳಗ್ಗೆ ಹೆಕ್ಕಿದ ತತ್ತಿ ಅಂದಿನ ಸಂಪಾದನೆ. ಒಂದು ಬಯಲು ಬರಿದಾದೊಡನೆ ಲಾರಿಯಲ್ಲೋ ನಡೆದೋ ಮುಂದಿನ ಬಯಲಿಗೆ. ಲೊಂಬೊಕ್‌ನ ರೈತ ಮಾಡಿದ ಆಯ್ಕೆಯನ್ನೇ ಈ ಬಾತುಗಾಹಿಗಳೂ ಮಾಡುತ್ತ ಬಂದಿರಬೇಕು: ನಡೆಯಲಾರದ್ದು ಮಾರಾಟಕ್ಕೆ, ನಡೆಯುವುದು ಮುಂದಿನ ಊರಿಗೆ. ಅವರ ಹಿಂಡನ್ನು ನಿಲ್ಲಿಸಿ ಕೊಕ್ಕು, ಕಾಲು, ಕತ್ತುಗಳನ್ನು ಅಳೆದು ಬರೆದುಕೊಳ್ಳಲು ಯಾರಾದರೂ ಹೋಗುವುದಾದರೆ ಕೊಯ್ಲಿನ ಬೆನ್ನಿಗೇ ಹೋಗಬೇಕು. ಬಯಲಿನ ಕಾಳು ತೀರಿದ ಮೇಲೆ ಅವರು ಅಲ್ಲಿ ಸಿಗುವುದಿಲ್ಲ.